ಕಾಲೇಜೂ ಕವಾಯತೂ

ಶಸ್ತ್ರ ಮತ್ತು ಶಾಸ್ತ್ರ ಎಂಬ ಎರಡು ಮಾತುಗಳಿಗೆ ಬರವಣಿಗೆಯಲ್ಲಿರುವ ಅಂತರ ಒಂದು ದೀರ್ಘದಷ್ಟು ಮಾತ್ರ. ಬದುಕಿನಲ್ಲಿ ಅವುಗಳ ಅಂತರ ಎಷ್ಟು ಎಂಬುದನ್ನು ಕುರಿತು ನಮ್ಮ ಹಿಂದಿನವರು ಹೆಚ್ಚು ಚಿಂತಿಸಿದಂತೆ ತೋರುವುದಿಲ್ಲ. ದ್ರೋಣ ವೇದವನ್ನೂ ಬಲ್ಲವನು, ಬಿಲ್ಲನ್ನೂ ಬಲ್ಲವನು. ಪಂಪನನ್ನು ನಾವು ಕವಿಯೆಂದೂ ಕಲಿಯೆಂದೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕ್ರಿ.ಶ. 978ರಲ್ಲಿ ತನ್ನ ಹೆಸರಿನ ಪುರಾಣವನ್ನು ಗದ್ಯದಲ್ಲಿ ಬರೆದ ಚಾವುಂಡರಾಯ ಗಂಗರ ಸೇನಾಪತಿ. ಆದರೆ ಇವರೆಲ್ಲ ಬೆಳೆದು ನಿಂತ ದೊಡ್ಡವರು. ಎರಡು ವಿದ್ಯೆಗಳನ್ನೂ ಅರಗಿಸಿಕೊಂಡ ಮೇಲೆ ನಮ್ಮ ಕಣ್ಣಿಗೆ ಬಿದ್ದವರು. ಹದಿನೆಂಟು ವರ್ಷದ ಹುಡುಗನೊಬ್ಬ ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ ಬಂದೂಕು ಹಿಡಿದು, ಹತ್ತು ಗಂಟೆಗೆ ತರಗತಿಯಲ್ಲಿ ಲೇಖನಿ ಹಿಡಿಯುವುದು ಬೇರೆಯೇ ಸಂಗತಿ. ಇಂದು ನಾನು ಮಾತನಾಡಬೇಕೆಂದಿರುವುದು ಈ ಹುಡುಗನನ್ನು ಕುರಿತು.

ನಮ್ಮ ದೇಶದಲ್ಲಿ ಈಗ ಇವನಿಗೆ ಎನ್.ಸಿ.ಸಿ. ಕೆಡೆಟ್ ಎಂದು ಹೆಸರು. ಇವನ ಕಷ್ಟವೇನೆಂದು ವಿಚಾರಿಸಿದರೆ ಮೊದಲು ಬರುವುದು ಹೊತ್ತಿನ ಮಾತು. ನಿದ್ದೆ ಸಾಲದು, ಶಿಬಿರಕ್ಕೆ ಹೋದರೆ ಪಾಠ ತಪ್ಪುತ್ತದೆ, ಪರೀಕ್ಷೆ ಹತ್ತಿರ ಬಂದರೂ ಪರೇಡು ಬಿಡುವುದಿಲ್ಲ. ಇದೆಲ್ಲ ನಿಜ. ಆದರೆ ಇದಕ್ಕಿಂತ ಆಳವಾದ ತೊಡಕೊಂದಿದೆ. ತರಗತಿ ಅವನಿಗೆ 'ಏಕೆ' ಎಂದು ಕೇಳುವುದನ್ನು ಕಲಿಸುತ್ತದೆ. ಮೈದಾನ 'ಏಕೆ' ಎನ್ನದೆ ಹೆಜ್ಜೆ ಹಾಕುವುದನ್ನು ಕಲಿಸುತ್ತದೆ. ಒಬ್ಬನೇ ಹುಡುಗ ಒಂದೇ ದಿನದಲ್ಲಿ ಈ ಎರಡು ಪಾಠಗಳನ್ನೂ ಪಡೆಯಬೇಕು. ಇದು ಸಾಧ್ಯವೆ? ಸಾಧ್ಯವಾದರೆ ಯಾವ ನಿಬಂಧನೆಯ ಮೇಲೆ? ನಮ್ಮ ದೇಶದ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ ಎಂದು ನನ್ನ ನಂಬಿಕೆ.

ಈ ಕಲ್ಪನೆ ಹುಟ್ಟಿದ್ದು ನಮ್ಮಲ್ಲಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ನಾರ್ವಿಚ್ ಎಂಬ ಊರಿನಲ್ಲಿ 1819ರಲ್ಲಿ ಆಲ್ಡನ್ ಪಾರ್ಟ್ರಿಜ್ ಎಂಬ ಮಾಜಿ ಸೇನಾಧಿಕಾರಿ ಒಂದು ವಿದ್ಯಾಶಾಲೆಯನ್ನು ತೆರೆದ. ಅದಕ್ಕೆ ಆತ ಇಟ್ಟ ಹೆಸರಿನಲ್ಲಿ ಸಾಹಿತ್ಯ, ವಿಜ್ಞಾನ, ಸೈನಿಕ ಶಿಕ್ಷಣ ಎಂಬ ಮೂರೂ ಇದ್ದುವು; ಸಾಹಿತ್ಯವೇ ಮೊದಲು ಇತ್ತು. ಪ್ರಜಾಪ್ರಭುತ್ವದ ಸೈನ್ಯಕ್ಕೆ ಅಧಿಕಾರಿಗಳು ಪ್ರತ್ಯೇಕವಾದ ಒಂದು ಜಾತಿಯಂತೆ ಬೆಳೆಯಬಾರದು, ಸಾಮಾನ್ಯ ನಾಗರಿಕರ ನಡುವೆಯೇ ಓದಿ ಬರಬೇಕು ಎಂಬುದು ಆತನ ವಾದ. ಮುಂದೆ 1862ರಲ್ಲಿ ಅಲ್ಲಿಯ ಸರ್ಕಾರ ಕಾಲೇಜುಗಳಿಗೆ ಭೂಮಿಯನ್ನು ದತ್ತಿಯಾಗಿ ಕೊಡುವ ಕಾನೂನು ಮಾಡಿದಾಗ, ಬೇಸಾಯ ಮತ್ತು ಯಂತ್ರವಿದ್ಯೆಗಳ ಜೊತೆಗೆ ಸೈನಿಕ ಶಿಕ್ಷಣವೂ ಇರತಕ್ಕದ್ದೆಂದು ಸೇರಿಸಿತು. 1916ರಲ್ಲಿ ಇದೇ ಬೆಳೆದು ಕಾಲೇಜುಗಳಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಸಂಸ್ಥೆಯಾಯಿತು.

ಇಂಗ್ಲೆಂಡಿನ ದಾರಿ ಸ್ವಲ್ಪ ಬೇರೆ. ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ ಅಧಿಕಾರಿಗಳ ಕೊರತೆ ಅವರಿಗೆ ಚೆನ್ನಾಗಿ ತಟ್ಟಿತ್ತು. ಅದನ್ನು ತುಂಬಲು 1908ರಲ್ಲಿ ಯುದ್ಧಮಂತ್ರಿ ಹಾಲ್ಡೇನ್ ವಿಶ್ವವಿದ್ಯಾಲಯಗಳಲ್ಲಿ ಹಿರಿಯರ ವಿಭಾಗವನ್ನೂ ಶಾಲೆಗಳಲ್ಲಿ ಕಿರಿಯರ ವಿಭಾಗವನ್ನೂ ಏರ್ಪಡಿಸಿ, ಅಧಿಕಾರಿಗಳ ತರಬೇತಿ ದಳವನ್ನು ಕಟ್ಟಿದ. ಈ ಹಾಲ್ಡೇನ್ ವೃತ್ತಿಯಿಂದ ವಕೀಲ, ಪ್ರವೃತ್ತಿಯಿಂದ ತತ್ತ್ವಶಾಸ್ತ್ರಜ್ಞ. ಜರ್ಮನಿಯಲ್ಲಿ ಓದಿ ಬಂದು, ಶೋಪೆನ್‌ಹಾವರನ ಮುಖ್ಯ ಗ್ರಂಥವನ್ನು ಗೆಳೆಯನೊಡನೆ ಇಂಗ್ಲಿಷಿಗೆ ತಂದವನು. ಆತನ ದಳ ಹುಟ್ಟಿ ಆರು ವರ್ಷಗಳಲ್ಲಿಯೇ ಮಹಾಯುದ್ಧ ಬಂತು. ಗ್ರಂಥಾಲಯಗಳಿಂದ ನೇರವಾಗಿ ಕಂದಕಗಳಿಗೆ ಇಳಿದ ತರುಣ ಅಧಿಕಾರಿಗಳಲ್ಲಿ ಹಿಂದಿರುಗಿ ಬಾರದವರು ಬಹಳ. ಎರಡು ಬದುಕುಗಳನ್ನು ಸರಿದೂಗಿಸುವ ಮಾತನ್ನಾಡುವಾಗ, ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಪ್ರಾಣವೇ ಇದೆಯೆಂಬುದನ್ನು ಮರೆಯಲಾಗದು.

ಭಾರತದ ವಿದ್ಯಾರ್ಥಿಗೆ ಈ ಬಾಗಿಲು ತೆರೆದದ್ದು ಅದೇ ಯುದ್ಧದ ನಡುವೆ. 1917ರಲ್ಲಿ ಭಾರತ ರಕ್ಷಣಾ ಪಡೆಯ ಕಾನೂನು ಬಂತು. ಇಲ್ಲಿ ನೆಲಸಿದ್ದ ಯೂರೋಪಿಯನ್ನರಿಗೆ ಸೇವೆ ಕಡ್ಡಾಯ, ಭಾರತೀಯರಿಗೆ ಇಚ್ಛೆಗೆ ಬಿಟ್ಟದ್ದು. ಅದರ ಅಂಗವಾಗಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ದಳಗಳು ಹುಟ್ಟಿದುವು. ಇದರ ಮಹತ್ವ ತಿಳಿಯಬೇಕಾದರೆ ಅಂದಿನ ಆಳರಸರ ಒಂದು ಸಿದ್ಧಾಂತವನ್ನು ನೆನೆಯಬೇಕು. ಕೆಲವು ಕುಲಗಳು ಕಾದಾಡಲೆಂದೇ ಹುಟ್ಟಿದುವು, ಉಳಿದವು ಅದಕ್ಕೆ ಬಾರದವು ಎಂದು ಅವರು ಜನರನ್ನು ವಿಂಗಡಿಸಿದ್ದರು. ಇಂಗ್ಲಿಷ್ ಓದಿದ ಪಟ್ಟಣದ ಹುಡುಗ ಈ ಎರಡನೆಯ ಗುಂಪಿಗೆ ಸೇರಿದವನು. ಅವನು ಗುಮಾಸ್ತನಾಗಬಹುದು, ವಕೀಲನಾಗಬಹುದು. ಬಂದೂಕು ಅವನ ಕೈಗೆ ಹೇಳಿಸಿದ್ದಲ್ಲ. ಆದುದರಿಂದ ಕಾಲೇಜಿನ ಹುಡುಗನಿಗೆ ಸಮವಸ್ತ್ರ ದೊರೆತದ್ದು ಮಾನಾಪಮಾನದ ಪ್ರಶ್ನೆಯೂ ಆಗಿತ್ತು.

ಆ ವರ್ಷ ಕಲ್ಕತ್ತೆಯ ವಿಶ್ವವಿದ್ಯಾಲಯದ ದಳಕ್ಕೆ ಸೇರಿದ ಹುಡುಗರಲ್ಲಿ ಒಬ್ಬನ ಹೆಸರು ಸುಭಾಷ್ ಚಂದ್ರ ಬೋಸ್. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಂಗ್ಲ ಪ್ರಾಧ್ಯಾಪಕರೊಬ್ಬರ ಮೇಲೆ ಕೈಮಾಡಿದ ಪ್ರಕರಣದಲ್ಲಿ 1916ರಲ್ಲಿ ಹೊರದೂಡಿಸಿಕೊಂಡಿದ್ದ ಈ ಹುಡುಗ, ಮರುವರ್ಷ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ. ಅದಕ್ಕೆ ಮೊದಲು ಬಂಗಾಳಿಗಳ ಕಾಲ್ದಳಕ್ಕೆ ಸೇರಲು ಹೋಗಿ, ದೃಷ್ಟಿ ಸಾಲದೆಂದು ತಿರಸ್ಕೃತನಾಗಿದ್ದ. ವಿದ್ಯಾರ್ಥಿ ದಳ ಅವನನ್ನು ತೆಗೆದುಕೊಂಡಿತು. ಕಲ್ಕತ್ತೆಯ ಕೋಟೆಯ ಬಳಿ ಡೇರೆಗಳಲ್ಲಿ ಕಳೆದ ದಿನಗಳನ್ನು ಆತ ಮುಂದೆ ತನ್ನ ಆತ್ಮಕಥೆಯಲ್ಲಿ ಸಂತೋಷದಿಂದ ನೆನೆದಿದ್ದಾನೆ. ದೇವರನ್ನು ಅರಸಿ ಸಾಧುಗಳ ಕಾಲ ಬಳಿ ಕುಳಿತಿದ್ದವನು ಬಂದೂಕು ಹೊತ್ತು ಆಂಗ್ಲ ಅಧಿಕಾರಿಯ ಆಜ್ಞೆಗೆ ಕಾಯುವಂತಾದ ಮಾರ್ಪಾಡು ಆತನಿಗೇ ಸೋಜಿಗವಾಗಿ ಕಂಡಿತ್ತು. 1919ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಆತ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಕವಾಯತಿನಿಂದ ಓದು ಕೆಡುತ್ತದೆಂದು ಹೇಳುವವರಿಗೆ ಇದೊಂದು ಉತ್ತರ. ಅಪ್ಪಣೆಯನ್ನು ಮೀರಿದ್ದಕ್ಕೆ ದಂಡ ತೆತ್ತ ಹುಡುಗ ಅಪ್ಪಣೆಗೆ ತಲೆಬಾಗುವುದರಲ್ಲಿ ಸುಖ ಕಂಡದ್ದು ಹೇಗೆ? ಎರಡನೆಯದನ್ನು ಅವನು ತಾನಾಗಿಯೇ ಆರಿಸಿಕೊಂಡಿದ್ದ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಅದೇ ಬೋಸರು 1919ರ ಕೊನೆಗೆ ಕೇಂಬ್ರಿಡ್ಜಿಗೆ ಹೋದರು. ಅಲ್ಲಿಯ ವಿಶ್ವವಿದ್ಯಾಲಯದ ತರಬೇತಿ ದಳಕ್ಕೆ ಸೇರಲು ಭಾರತೀಯ ವಿದ್ಯಾರ್ಥಿಗಳಿಗೆ ಅವಕಾಶವಿರಲಿಲ್ಲ. ವಿದ್ಯಾರ್ಥಿಗಳು ಬೋಸರನ್ನೂ ಇನ್ನೊಬ್ಬ ಭಾರತೀಯ ವಿದ್ಯಾರ್ಥಿಯನ್ನೂ ಪ್ರತಿನಿಧಿಗಳಾಗಿ ಲಂಡನ್ನಿಗೆ ಕಳುಹಿಸಿದರು. ಭಾರತದ ಆಡಳಿತ ಕಚೇರಿಯವರು ಅಡ್ಡಿ ತಮ್ಮದಲ್ಲ, ಯುದ್ಧ ಕಚೇರಿಯದು ಎಂದರು. ಒಳಗಿನ ಕಾರಣ ಸರಳವಾಗಿತ್ತು: ಆ ತರಬೇತಿಯನ್ನು ಮುಗಿಸಿದವನು ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಲು ಅರ್ಹನಾಗುತ್ತಾನೆ, ಭಾರತೀಯನೊಬ್ಬ ಹಾಗೆ ಅರ್ಹನಾಗುವುದು ಅವರಿಗೆ ಬೇಕಿರಲಿಲ್ಲ. ನಮಗೆ ಹುದ್ದೆ ಬೇಡ, ಶಿಕ್ಷಣ ಕೊಟ್ಟರೆ ಸಾಕು ಎಂದು ವಿದ್ಯಾರ್ಥಿಗಳು ಹೇಳಿ ನೋಡಿದರು. ಅದೂ ಫಲಿಸಲಿಲ್ಲ. ಕವಾಯತು ಎಂಬುದು ಅಂದು ಭಾರತೀಯ ವಿದ್ಯಾರ್ಥಿ ಬೇಡಿಯೂ ಪಡೆಯಲಾಗದ ವಸ್ತುವಾಗಿತ್ತು.

ಆ ಕಾಲಕ್ಕೆ ಅಧಿಕಾರಿಯಾಗಲು ಇದ್ದ ಇನ್ನೊಂದು ದಾರಿಯನ್ನು ಕೊಡಗಿನ ಹುಡುಗನೊಬ್ಬನ ಬದುಕಿನಲ್ಲಿ ಕಾಣಬಹುದು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಕೆ. ಎಂ. ಕಾರ್ಯಪ್ಪ, ಭಾರತೀಯರನ್ನು ಅಧಿಕಾರಿಗಳನ್ನಾಗಿ ಆರಿಸುತ್ತಿದ್ದಾರೆಂದು ತಿಳಿದು ಅರ್ಜಿ ಹಾಕಿದರು. ಆಯ್ಕೆಯಾಗಿ ಇಂದೋರಿನ ಡೇಲಿ ಕಾಲೇಜಿನ ಸೈನಿಕ ಶಾಲೆಗೆ ಹೋಗಿ, 1919ರ ಡಿಸೆಂಬರಿನಲ್ಲಿ ಅಧಿಕಾರಪತ್ರ ಪಡೆದರು. 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಕನ್ನಡನಾಡಿಗೆ ಅದು ಹೆಮ್ಮೆಯ ಸಂಗತಿ. ಆದರೆ ಅವರ ಮುಂದಿದ್ದ ದಾರಿಯ ಸ್ವರೂಪವನ್ನು ಗಮನಿಸಿ: ಮದ್ರಾಸನ್ನು ಬಿಟ್ಟರೆ ಇಂದೋರು, ಅದು ಅಥವಾ ಇದು. ಎರಡನ್ನೂ ಜೊತೆಗಿಟ್ಟುಕೊಂಡು ನಡೆಯುವ ದಾರಿ ಇನ್ನೂ ಸರಿಯಾಗಿ ಮೂಡಿರಲಿಲ್ಲ.

1920ರಲ್ಲಿ ಭಾರತೀಯ ಪ್ರಾದೇಶಿಕ ಪಡೆಯ ಕಾನೂನು ಬಂದು, ಹಳೆಯ ವಿದ್ಯಾರ್ಥಿ ದಳಗಳು ವಿಶ್ವವಿದ್ಯಾಲಯ ತರಬೇತಿ ದಳ ಎಂಬ ಹೊಸ ಹೆಸರನ್ನು ಪಡೆದುವು. ಕಾಲೇಜಿನ ಹುಡುಗರು ವಾರದಲ್ಲಿ ಕೆಲವು ಹೊತ್ತು ಕವಾಯತು ಮಾಡಿ, ವರ್ಷಕ್ಕೊಮ್ಮೆ ಶಿಬಿರಕ್ಕೆ ಹೋಗಿ ಬರುವ ಪದ್ಧತಿ ಆಗ ನೆಲೆಗೊಂಡಿತು. ಆದರೂ ಈ ದಾರಿ ಅಧಿಕಾರಿಯ ಹುದ್ದೆಯ ಬಾಗಿಲವರೆಗೆ ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು. ಆ ಬಾಗಿಲನ್ನು ಭಾರತೀಯರಿಗೆ ಅಗಲಿಸುವ ಪ್ರಶ್ನೆಯನ್ನು ವಿಚಾರಿಸಲು 1925ರಲ್ಲಿ ಸ್ಕೀನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಮೋತಿಲಾಲ ನೆಹರೂ, ಜಿನ್ನಾ ಇಬ್ಬರೂ ಅದರ ಸದಸ್ಯರು. 1932ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಸೈನಿಕ ಅಕಾಡೆಮಿ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅಧಿಕಾರಿಗಳ ಅಭಾವ ಮತ್ತೆ ತಲೆದೋರಿದಾಗ, 1942ರಲ್ಲಿ ವಿಶ್ವವಿದ್ಯಾಲಯ ದಳದ ಹೆಸರಿಗೆ 'ಅಧಿಕಾರಿಗಳ' ಎಂಬ ಶಬ್ದವನ್ನು ಸೇರಿಸಿದರು. ಇಪ್ಪತ್ತೆರಡು ವರ್ಷ ಸಲ್ಲದ ಶಬ್ದ ಯುದ್ಧ ಬಂದೊಡನೆ ಸಂದಿತು.

ಸ್ವಾತಂತ್ರ್ಯ ಹೊಸ್ತಿಲಲ್ಲಿ ನಿಂತಿದ್ದಾಗ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಕುಂಜ್ರು ಅವರು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದವರು; ಮೆದುಮಾತಿನ ಮಿತವಾದಿಗಳು, ಸೈನಿಕ ವಿಷಯಗಳನ್ನು ಆಳವಾಗಿ ಬಲ್ಲವರು. 1947ರ ಮಾರ್ಚಿನಲ್ಲಿ ವರದಿ ಬಂತು. ದೇಶದಾದ್ಯಂತ ಶಾಲೆ ಕಾಲೇಜುಗಳಲ್ಲಿ ವಿದ್ಯಾರ್ಥಿ ಸೇನಾದಳವಿರಬೇಕು, ಅದರಲ್ಲಿ ಹಿರಿಯರ, ಕಿರಿಯರ, ಬಾಲಿಕೆಯರ ಮೂರು ವಿಭಾಗಗಳಿರಬೇಕು ಎಂಬುದು ಅದರ ಸಲಹೆ. ಅದರಂತೆ 1948ರ ಏಪ್ರಿಲಿನಲ್ಲಿ ಎನ್.ಸಿ.ಸಿ. ಕಾನೂನು ಆಯಿತು; ಜುಲೈ 15ರಂದು ದಳ ಅಸ್ತಿತ್ವಕ್ಕೆ ಬಂತು. ಅದರ ಮೊದಲ ನಿರ್ದೇಶಕರು ಕರ್ನಲ್ ಗೋಪಾಲ ಗುರುನಾಥ ಬೇವೂರ. ಈ ಮನೆತನದ ಹೆಸರು ಕೇಳಿದೊಡನೆ ನಮಗೆ ಬಾಗಲಕೋಟೆಯ ಕಡೆಯ ಬೇವೂರು ನೆನಪಾಗುತ್ತದೆ. 1973ರಲ್ಲಿ ಇವರೇ ಭೂಸೇನೆಯ ಮುಖ್ಯಸ್ಥರಾದರು. 1949ರಲ್ಲಿ ಬಾಲಿಕೆಯರ ವಿಭಾಗ, 1950ರಲ್ಲಿ ವಾಯು ವಿಭಾಗ, 1952ರಲ್ಲಿ ನೌಕಾ ವಿಭಾಗ ಹುಟ್ಟಿದುವು.

1948ರ ಆ ಕಾನೂನು ಕೆಲವೇ ಪುಟಗಳದು. ಅದರಲ್ಲಿ ಎರಡು ಅಂಶಗಳು ನನಗೆ ಬಹಳ ಮುಖ್ಯವೆನಿಸಿವೆ. ಒಂದು: ದಳಕ್ಕೆ ಸೇರಿದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬಾಧ್ಯರಲ್ಲ. ಎಂದರೆ ಕೆಡೆಟ್ ಸೈನಿಕನಲ್ಲ. ಸೈನಿಕ ವಿದ್ಯೆಯನ್ನು ಕಲಿಯುತ್ತಿರುವ ವಿದ್ಯಾರ್ಥಿ. ಎರಡು: ದಳದ ಅಧಿಕಾರಿಗಳನ್ನು ಕಾಲೇಜು ಶಾಲೆಗಳ ಅಧ್ಯಾಪಕರಿಂದಲೇ ನೇಮಿಸಬಹುದು. ಕವಾಯತು ಕಲಿಸಲು ಸೈನ್ಯದ ಹವಾಲ್ದಾರರು ಬರುತ್ತಾರೆ. ಆದರೆ ಕಾಲೇಜಿನ ದಳದ ಹೊಣೆ ಹೊರುವವರು ಅದೇ ಹುಡುಗರಿಗೆ ಇತಿಹಾಸವನ್ನೋ ರಸಾಯನಶಾಸ್ತ್ರವನ್ನೋ ಹೇಳುವ ಮೇಷ್ಟ್ರು. ಓದಿಗೂ ಕವಾಯತಿಗೂ ಇರುವ ತಿಕ್ಕಾಟವನ್ನು ವಿದ್ಯಾರ್ಥಿಯ ಎಳೆಯ ಹೆಗಲ ಮೇಲೆ ಬಿಡದೆ, ಆ ಭಾರದ ಅರ್ಧವನ್ನು ಗುರುವಿನ ಹೆಗಲಿಗೆ ಏರಿಸಿದ ಏರ್ಪಾಡು ಇದು. ಹದಿನೈದು ವರ್ಷ ಇದು ಸಮಾಧಾನವಾಗಿ ನಡೆಯಿತು. ಆ ನಡುವೆ ಜವಾಹರಲಾಲ ನೆಹರೂ ಅವರ ಆಸಕ್ತಿಯಿಂದ ಸಮಾಜಸೇವೆಯೂ ಪಾಠಕ್ರಮಕ್ಕೆ ಸೇರಿತು.

1962ರ ಅಕ್ಟೋಬರಿನಲ್ಲಿ ಚೀನ ಗಡಿಯನ್ನು ದಾಟಿತು. ಒಂದು ತಿಂಗಳ ಆ ಯುದ್ಧ ದೇಶದ ಮನಸ್ಸನ್ನು ಅಲ್ಲಾಡಿಸಿದ ರೀತಿಯನ್ನು ಆಗ ಬುದ್ಧಿ ಬಂದಿದ್ದವರು ಮರೆಯಲಾರರು. ಅಧಿಕಾರಿಗಳನ್ನು ಬೇಗ ತಯಾರು ಮಾಡಲು ಮದ್ರಾಸಿನಲ್ಲಿಯೂ ಪುಣೆಯಲ್ಲಿಯೂ 1963ರಲ್ಲಿ ತರಬೇತಿ ಶಾಲೆಗಳು ತೆರೆದುವು. ಅದೇ ವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. ಆ ಹೊತ್ತಿನಲ್ಲಿ ಇದನ್ನು ತಪ್ಪೆಂದು ಹೇಳುವ ಎದೆಗಾರಿಕೆ ಯಾರಿಗೂ ಇದ್ದಂತಿಲ್ಲ. ಹೇಳುವ ಅವಶ್ಯಕತೆಯೂ ಕಾಣಲಿಲ್ಲ. ದೇಶಕ್ಕೆ ಕಷ್ಟ ಬಂದಾಗ ಹುಡುಗರೆಲ್ಲರೂ ಸೊಂಟ ಕಟ್ಟಿ ನಿಲ್ಲಲಿ ಎಂಬುದು ಸಹಜವಾದ ಭಾವನೆ.

ಈ ಕಡ್ಡಾಯದ ಕಾಲದಲ್ಲಿ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಓದುತ್ತಿದ್ದೆ. ಆದುದರಿಂದ ಕೆಲವು ಸಂಗತಿಗಳನ್ನು ಕಣ್ಣಾರೆ ಕಂಡವನಂತೆ ಹೇಳಬಲ್ಲೆ. ಹುಡುಗರು ನೂರಾರು, ಬಂದೂಕುಗಳು ಹತ್ತಾರು. ನಿಜವಾದ ಪಾಯಿಂಟ್ ತ್ರೀ ನಾಟ್ ತ್ರೀ ರೈಫಲ್ ಕೈಗೆ ಬರಲು ಸರದಿ ಕಾಯಬೇಕು. ಬಂದಾಗ ಅದರ ನಾಲ್ಕು ಕಿಲೋ ಭಾರಕ್ಕೆ ತೋಳು ಸೋಲುತ್ತಿತ್ತು. ಬೂಟುಗಳು ಒಂದೋ ದೊಡ್ಡವು, ಇಲ್ಲವೆ ಚಿಕ್ಕವು. ಹಿಂದಿನ ರಾತ್ರಿ ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಬೇಕು, ಬೆಲ್ಟಿನ ಹಿತ್ತಾಳೆಯನ್ನು ಬ್ರಾಸೋ ಹಚ್ಚಿ ಬೆಳಗಬೇಕು. ಮರುದಿನ ಕಿರುಪರೀಕ್ಷೆ ಇದ್ದರೆ ಪುಸ್ತಕ ಒಂದು ಕಡೆ, ಬ್ರಾಸೋ ಡಬ್ಬಿ ಇನ್ನೊಂದು ಕಡೆ. ಸಾವಧಾನ್, ವಿಶ್ರಾಮ್, ದಹಿನೇ ಮುಡ್ ಎಂದು ಅಪ್ಪಣೆಗಳೆಲ್ಲ ಹಿಂದಿಯಲ್ಲಿ. ಉತ್ತರದ ಕಡೆಯಿಂದ ಬಂದ ಹವಾಲ್ದಾರರನ್ನು ನಾವು ಉಸ್ತಾದರೆಂದು ಕರೆಯುತ್ತಿದ್ದೆವು. ಹಳ್ಳಿಗಳಿಂದ ಬಂದ ಹುಡುಗರು ದಹಿನೇ ಎಂದರೆ ಎಡಕ್ಕೆ ತಿರುಗಿ ಬೈಸಿಕೊಂಡದ್ದುಂಟು. ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಉಪ್ಪಿಟ್ಟಿಗಾಗಿಯೇ ಬರುವ ಬಡ ಹುಡುಗರಿದ್ದರು. ಅವರನ್ನು ನೋಡಿ ನಗುವವರು ಯಾರೂ ಇರಲಿಲ್ಲ.

ಆ ಗುಂಪಿನಲ್ಲಿ ಎರಡು ಬಗೆಯ ಹುಡುಗರು ಸ್ಪಷ್ಟವಾಗಿ ಕಾಣುತ್ತಿದ್ದರು. ಕಡ್ಡಾಯವಿಲ್ಲದಿದ್ದರೂ ಬರುತ್ತಿದ್ದವರು ಕೆಲವರು. ಕಡ್ಡಾಯವೆಂದೇ ಬರುತ್ತಿದ್ದವರು ಬಹಳ ಮಂದಿ. ಮೊದಲನೆಯವರು ತರಗತಿಯಲ್ಲಿ ತೂಕಡಿಸುತ್ತಿರಲಿಲ್ಲವೆಂದಲ್ಲ. ಆದರೆ ತಪ್ಪಿದ ಪಾಠವನ್ನು ಗೆಳೆಯರ ಟಿಪ್ಪಣಿಯಿಂದ ಬರೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬ ನನ್ನ ಕೊಠಡಿಯ ಜೊತೆಗಾರ. ಕುಮಾರವ್ಯಾಸನ ಪದ್ಯಗಳನ್ನು ಬೆಳಗಿನ ನಡಿಗೆಯ ಲಯಕ್ಕೆ ಹೊಂದಿಸಿ ಬಾಯಿಪಾಠ ಮಾಡುತ್ತಿದ್ದ. ಆತ 'ಸಿ' ಪ್ರಮಾಣಪತ್ರ ಪಡೆದು, ಬಿ.ಎ. ಮುಗಿಸಿ, ಮದ್ರಾಸಿನ ತರಬೇತಿ ಶಾಲೆ ಸೇರಿ ಅಧಿಕಾರಿಯಾದ. ಎರಡನೆಯವರು ಮಾತ್ರ ವೈದ್ಯರ ಚೀಟಿ ತರುವುದರಲ್ಲಿ, ಹಾಜರಿ ಕೂಗುವಾಗ ಒಬ್ಬನಿಗೆ ಇನ್ನೊಬ್ಬ ದನಿಗೊಡುವುದರಲ್ಲಿ ಪರಿಣತರಾದರು. ಶಿಸ್ತನ್ನು ಕಲಿಸಲು ಬಂದ ಏರ್ಪಾಡು ಶಿಸ್ತನ್ನು ತಪ್ಪಿಸಿಕೊಳ್ಳುವ ವಿದ್ಯೆಯನ್ನು ಕಲಿಸತೊಡಗಿತ್ತು.

ನಮ್ಮ ದಳದ ಅಧಿಕಾರಿ ನಮಗೆ ಇತಿಹಾಸ ಹೇಳುತ್ತಿದ್ದ ಅಧ್ಯಾಪಕರು. ಅವರ ಕೈಯಲ್ಲಿ ಎರಡು ಹಾಜರಿ ಪುಸ್ತಕಗಳಿರುತ್ತಿದ್ದುವು, ಒಂದು ತರಗತಿಯದು, ಒಂದು ಪರೇಡಿನದು. ಯಾವ ಹುಡುಗ ಎಲ್ಲಿ ಸೋಲುತ್ತಿದ್ದಾನೆಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಬಲ್ಲ ಏಕೈಕ ವ್ಯಕ್ತಿ ಅವರು. ತರಗತಿಯಲ್ಲಿ, ಪುಸ್ತಕದಲ್ಲಿ ಅಚ್ಚಾದದ್ದನ್ನೆಲ್ಲ ನಂಬಬೇಡಿ ಎಂದು ಹೇಳುವವರು; ಮೈದಾನದಲ್ಲಿ ಒಂದೇ ಶಬ್ದದ ಅಪ್ಪಣೆಗೆ ಇನ್ನೂರು ಮಂದಿಯನ್ನು ತಿರುಗಿಸುವವರು. ಇದು ಹೇಗೆ ಹೊಂದುತ್ತದೆಂದು ಒಮ್ಮೆ ಪರೇಡಿನ ನಡುವೆಯೇ ನಮ್ಮವನೊಬ್ಬ ಬಾಯಿ ತೆರೆದ. 'ಪರೇಡು ಮುಗಿದ ಮೇಲೆ ಕೇಳಪ್ಪ. ಕೇಳದೆ ಮಾತ್ರ ಮನೆಗೆ ಹೋಗಬೇಡ' ಎಂದರು. ಸೈನಿಕ ಶಿಸ್ತಿಗೂ ವಿದ್ಯೆಗೂ ಇರಬೇಕಾದ ಸಂಬಂಧವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ್ದನ್ನು ನಾನು ಎಲ್ಲಿಯೂ ಓದಿಲ್ಲ. ಅಪ್ಪಣೆಗೂ ಹೊತ್ತಿದೆ, ಪ್ರಶ್ನೆಗೂ ಹೊತ್ತಿದೆ. ಒಂದು ಇನ್ನೊಂದರ ಹೊತ್ತನ್ನು ನುಂಗಬಾರದು. ಆದರೆ ಇಂಥ ಗುರು ಐವತ್ತು ಹುಡುಗರನ್ನು ಹೀಗೆ ನೋಡಿಕೊಳ್ಳಬಲ್ಲರೇ ಹೊರತು ಐನೂರು ಹುಡುಗರನ್ನಲ್ಲ. ಕಡ್ಡಾಯ ಮೊದಲು ಮುರಿದದ್ದು ಈ ಸಂಬಂಧವನ್ನು.

1965ರ ಪಾಕಿಸ್ತಾನದ ಯುದ್ಧದಲ್ಲಿಯೂ ಮುಂದೆ 1971ರ ಯುದ್ಧದಲ್ಲಿಯೂ ಕೆಡೆಟರು ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ನೆರವಾದರು, ಗಡಿಗೆ ಸಾಮಗ್ರಿ ಸಾಗಿಸಲು ದುಡಿದರು, ಶತ್ರುವಿನ ಛತ್ರಿಸೈನಿಕರನ್ನು ಹುಡುಕುವ ತಂಡಗಳಲ್ಲಿ ತಿರುಗಿದರು. ದಳ ನಿಷ್ಪ್ರಯೋಜಕವೆಂದು ಯಾರೂ ಹೇಳಲಾರರು. ಆದರೂ 1968ರಲ್ಲಿ ಸರ್ಕಾರ ಕಡ್ಡಾಯವನ್ನು ತೆಗೆದು, ಎನ್.ಸಿ.ಸಿ.ಯನ್ನು ಮತ್ತೆ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟಿತು. ಮರುವರ್ಷ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಬಂದೂಕು ಬೇಡವೆನ್ನುವ ವಿದ್ಯಾರ್ಥಿಗೆ ಇನ್ನೊಂದು ದಾರಿಯಾಗಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು.

ಇಲ್ಲಿ ಸ್ವಲ್ಪ ನಿಂತು ನೋಡೋಣ. 1920ರ ಸುಮಾರಿನಲ್ಲಿ ಕೇಂಬ್ರಿಡ್ಜಿನ ಭಾರತೀಯ ವಿದ್ಯಾರ್ಥಿಗಳು ಹಕ್ಕೆಂದು ಬೇಡಿದ ವಸ್ತುವನ್ನು, ಅವರ ಮೊಮ್ಮಕ್ಕಳ ವಯಸ್ಸಿನವರು ಐದೇ ವರ್ಷಗಳಲ್ಲಿ ಹೊರೆಯೆಂದು ಕೊಡವಿಕೊಂಡರು. ವಸ್ತು ಒಂದೇ: ಅದೇ ಖಾಕಿ, ಅದೇ ಬಂದೂಕು, ಅದೇ ಎಡ ಬಲ. ಬದಲಾದದ್ದು ಆಯ್ಕೆಯ ಸ್ವಾತಂತ್ರ್ಯ. ತಾನಾಗಿ ತಲೆಬಾಗುವವನಿಗೆ ಶಿಸ್ತು ಒಂದು ಆಭರಣ. ಬಲವಂತಕ್ಕೆ ತಲೆಬಾಗುವವನಿಗೆ ಅದೇ ನೊಗ. ಬೋಸರ ವಿಷಯದಲ್ಲಿ ನೆನಪಿಡಿ ಎಂದು ನಾನು ಕೇಳಿಕೊಂಡ ಮಾತು ಇದೇ.

ಅಮೆರಿಕದಲ್ಲಿಯೂ ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಇದೇ ಪಾಠವಾಯಿತು. ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ಎರಡು ವರ್ಷ ಕಡ್ಡಾಯವಾಗಿದ್ದ ಸೈನಿಕ ಶಿಕ್ಷಣ 1960ರ ದಶಕದಲ್ಲಿ ಇಚ್ಛೆಯದಾಯಿತು. ಇದೇ ತರಬೇತಿಯ ಮೂಲಕ, ಜಮೈಕದಿಂದ ವಲಸೆ ಬಂದವರ ಮಗ ಕಾಲಿನ್ ಪವೆಲ್, ನ್ಯೂಯಾರ್ಕಿನ ನಗರ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಲೇ 1958ರಲ್ಲಿ ಅಧಿಕಾರಿಯಾದ; 1989ರಲ್ಲಿ ಸೇನೆಗಳ ಮುಖ್ಯಸ್ಥರ ಮಂಡಳಿಗೆ ಅಧ್ಯಕ್ಷನಾದ ಮೊದಲ ಕರಿಯ ಅಧಿಕಾರಿ ಆತ. ಇದೇ ತರಬೇತಿಯ ಕಟ್ಟಡ ವಿಯಟ್ನಾಮ್ ಯುದ್ಧದ ವಿರೋಧದ ಬಿಸಿಯಲ್ಲಿ, 1970ರ ಮೇ 2ರಂದು, ಓಹಾಯೋ ರಾಜ್ಯದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಸುಟ್ಟುಹೋಯಿತು. ಎರಡು ದಿನಗಳ ಮೇಲೆ ಅದೇ ಆವರಣದಲ್ಲಿ ರಕ್ಷಕ ಪಡೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಸರ್ಕಾರದ ಯುದ್ಧವನ್ನು ತರಗತಿ ಒಪ್ಪದಿದ್ದಾಗ, ಕಾಲೇಜಿನ ನಡುವೆ ನಿಂತ ಕವಾಯತಿನ ಮನೆಯೇ ಕೋಪಕ್ಕೆ ಗುರಿಯಾಗುತ್ತದೆ. ಆಗ ಅತ್ಯಂತ ಕಷ್ಟಕ್ಕೆ ಸಿಕ್ಕುವವನು ಸಮವಸ್ತ್ರ ತೊಟ್ಟು ಗೆಳೆಯರ ನಡುವೆ ಹಾದುಹೋಗಬೇಕಾದ ಆ ಹುಡುಗ. ನಮ್ಮ ದೇಶದಲ್ಲಿ ಅಂಥ ಬೆಂಕಿ ಏಳಲಿಲ್ಲ. ನಮ್ಮ ಕಾನೂನು ಕೆಡೆಟನನ್ನು ಸೈನಿಕನೆಂದು ಎಣಿಸದೆ ವಿದ್ಯಾರ್ಥಿಯೆಂದೇ ಉಳಿಸಿದ್ದು ಅದಕ್ಕೆ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

ಆ ಎರಡು ಯುದ್ಧಗಳಾದ ಮೇಲೆ ನಮ್ಮ ದಳದ ಪಾಠಕ್ರಮವೂ ಬದಲಾಯಿತು. ಎರಡನೆಯ ಸಾಲಿನ ರಕ್ಷಣೆ ಎಂಬ ಭಾವನೆ ಹಿಂದೆ ಸರಿದು, ನಾಯಕತ್ವ, ಅಧಿಕಾರಿಗೆ ತಕ್ಕ ಗುಣಗಳು, ಸಮಾಜಸೇವೆ ಇವುಗಳಿಗೆ ಒತ್ತು ಬಿತ್ತು. ಆದರೆ ಒಂದು ಅನ್ಯಾಯ ಬಹಳ ಕಾಲ ಉಳಿದಿತ್ತು. 1949ರಿಂದ ಹೆಣ್ಣುಮಕ್ಕಳು ಇದೇ ಮೈದಾನಗಳಲ್ಲಿ ಕವಾಯತು ಮಾಡಿದರು, ಗುರಿ ಹಿಡಿದು ಗುಂಡು ಹೊಡೆದರು, ಪ್ರಮಾಣಪತ್ರಗಳನ್ನು ಪಡೆದರು. ಆದರೆ ವೈದ್ಯಕೀಯ ಮತ್ತು ದಾದಿಯರ ಸೇವೆಗಳನ್ನು ಬಿಟ್ಟರೆ ಭೂಸೇನೆಯ ಅಧಿಕಾರಿಯ ಹುದ್ದೆ ಅವರಿಗೆ ತೆರೆದದ್ದು 1992ರಲ್ಲಿ. ನಲವತ್ತಮೂರು ವರ್ಷ ಅವರ ಸ್ಥಿತಿ, ಹುದ್ದೆ ಬೇಡ ಶಿಕ್ಷಣ ಸಾಕು ಎಂದು ಲಂಡನ್ನಿನಲ್ಲಿ ಕೇಳಿಕೊಂಡ ಆ ಭಾರತೀಯ ವಿದ್ಯಾರ್ಥಿಗಳದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಪುರುಷರಂತೆ ಶಾಶ್ವತ ಹುದ್ದೆಯ ಹಕ್ಕು ಅವರಿಗೂ ಇದೆಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರಲ್ಲಿ. ಕಲಿಸಿ, ಕಲಿತದ್ದನ್ನು ಬಳಸುವ ಬಾಗಿಲನ್ನು ಮುಚ್ಚುವುದು ಪರರ ಆಳ್ವಿಕೆಯ ಗುಣವೊಂದೇ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಇಂದಿನ ಕೆಡೆಟನ ಮುಂದಿರುವ ದಾರಿ ನಮ್ಮ ಕಾಲದ್ದಕ್ಕಿಂತ ಸ್ಪಷ್ಟವಾಗಿದೆ. ಮದ್ರಾಸಿನ ಆ ತರಬೇತಿ ಶಾಲೆ 1988ರಿಂದ ಅಕಾಡೆಮಿ ಎನ್ನಿಸಿಕೊಂಡಿದೆ. 'ಸಿ' ಪ್ರಮಾಣಪತ್ರವಿರುವ ಪದವೀಧರರಿಗೆ ಅಲ್ಲಿ ವಿಶೇಷ ಪ್ರವೇಶವುಂಟು. ಅವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ನಿಲ್ಲಬಹುದು. ಆದರೆ ಪದವಿಯಲ್ಲಿ ಶೇಕಡ 50 ಅಂಕಗಳಿರಬೇಕೆಂಬ ನಿಯಮವಿದೆ. ಸೈನ್ಯವೇ ವಿದ್ಯಾರ್ಥಿಗೆ, ಪುಸ್ತಕವನ್ನು ಬಿಟ್ಟು ನಮ್ಮಲ್ಲಿಗೆ ಬರಬೇಡ ಎಂದು ಹೇಳುತ್ತಿರುವಂತೆ ಈ ನಿಯಮ ನನಗೆ ಕಾಣುತ್ತದೆ. ಇನ್ನೊಂದು ಕಡೆಯಿಂದ 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಎನ್.ಸಿ.ಸಿ.ಯನ್ನು ಪದವಿಯ ಅಂಕಗಳಿಗೆ ಸೇರುವ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಿರೆಂದು ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಹೊತ್ತಿನ ಕಷ್ಟಕ್ಕೆ ಇದು ಒಂದು ಪರಿಹಾರ. ಆ ಸೂಚನೆಯಲ್ಲಿರುವ 'ಐಚ್ಛಿಕ' ಎಂಬ ಶಬ್ದವನ್ನು ಮಾತ್ರ ನಾವು ಜೋಪಾನವಾಗಿ ಕಾಯಬೇಕು. ದೇಶಕ್ಕೆ ಮತ್ತೆ ಯಾವಾಗಲಾದರೂ ಕಷ್ಟ ಬಂದಾಗ, ಯುವಕರೆಲ್ಲರಿಗೂ ಕಡ್ಡಾಯ ಮಾಡಿ ಎಂಬ ಕೂಗು ಏಳುವುದು ಸಹಜ. ಆ ಹೊತ್ತಿಗೆ 1963 ಮತ್ತು 1968 ಎಂಬ ಎರಡು ವರ್ಷಗಳನ್ನು ಒಟ್ಟಿಗೆ ನೆನೆಯುವವರು ನಾಲ್ಕು ಮಂದಿಯಾದರೂ ಇರಬೇಕು.

ಅಪ್ಪಣೆಯನ್ನು ಪಾಲಿಸುವುದೊಂದನ್ನೇ ಬಲ್ಲ ಅಧಿಕಾರಿಯಿಂದ ಪ್ರಜಾರಾಜ್ಯಕ್ಕೆ ಪೂರ್ತಿ ಪ್ರಯೋಜನವಿಲ್ಲ. ತನ್ನ ಮಾತಿಗೆ ಮೂವತ್ತು ಮಂದಿ ಪ್ರಾಣವನ್ನು ಒಡ್ಡುತ್ತಾರೆಂಬ ಅರಿವುಳ್ಳವನು, ಆ ಮಾತನ್ನು ಆಡುವ ಮೊದಲು ತನ್ನೊಳಗೆ ಪ್ರಶ್ನೆ ಕೇಳಿಕೊಳ್ಳಬಲ್ಲವನಾಗಿರಬೇಕು. ಆ ಅಭ್ಯಾಸ ಅವನಿಗೆ ಬರುವುದು ತರಗತಿಯಿಂದ, ಗ್ರಂಥಾಲಯದಿಂದ, ತನ್ನಂತೆ ಖಾಕಿ ತೊಡದ ಗೆಳೆಯರೊಡನೆ ಮಾಡಿದ ಜಗಳಗಳಿಂದ. ಅದೇ ಗೆಳೆಯರಿಗೂ ಇವನಿಂದ ಒಂದು ಲಾಭವಿದೆ: ತಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವನು ಗಡಿಯಲ್ಲಿದ್ದಾನೆಂದು ಬಲ್ಲವರು ಯುದ್ಧದ ಮಾತನ್ನು ಹಗುರವಾಗಿ ಆಡಲಾರರು. ಹೀಗೆ ಸೈನ್ಯಕ್ಕೂ ಸಮಾಜಕ್ಕೂ ನಡುವೆ ಗೋಡೆ ಏಳದಂತೆ ನೋಡಿಕೊಳ್ಳುವ ಕೆಲಸ ಬೆಳಗಿನ ಆರು ಗಂಟೆಯ ಆ ಹುಡುಗ ಹುಡುಗಿಯರಿಂದ ಸದ್ದಿಲ್ಲದೆ ನಡೆಯುತ್ತಿದೆ. ಅವರು ನಿದ್ದೆಗಣ್ಣಿನಲ್ಲಿ ತರಗತಿಗೆ ಬಂದಾಗ ಅಧ್ಯಾಪಕರು ಒಂದಿಷ್ಟು ಸೈರಣೆ ತೋರಿದರೆ ಸಾಕು. ಉಳಿದದ್ದನ್ನು ಅವರೇ ಸರಿದೂಗಿಸಿಕೊಳ್ಳುತ್ತಾರೆ.